ಓದುಗರ ಗ್ಯಾರೇಜು: ಹಳೆಯ ಮಿಯಾಟಾ ಕೊಳ್ಳುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಾರಿನ ಸುತ್ತ ಇವೆ: ಮಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಇದು ಮಿಯಾಟಾ, ಜಪಾನಿನಲ್ಲಿ ಮೊದಲಿಗೆ ಯೂನೋಸ್ ರೋಡ್‌ಸ್ಟರ್. 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಎರಡೇ ಸೀಟು, ಮಡಚುವ ಟಾಪ್, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. 1997ರವರೆಗಿನ ಮೊದಲ ಪೀಳಿಗೆಗೆ ಎನ್‌ಎ ಎಂದೂ 1998ರಿಂದ 2005ರವರೆಗಿನ ಎರಡನೆಯದಕ್ಕೆ ಎನ್‌ಬಿ ಎಂದೂ ಹೆಸರು. ಚಾಸಿ ನಂಬರಿನಲ್ಲೇ ಇದು ಇರುತ್ತದೆ. ಅಮೆರಿಕದ ಕಾರಾದರೆ ಜೆಎಂ1ಎನ್‌ಎ ಅಥವಾ ಜೆಎಂ1ಎನ್‌ಬಿ, ಬ್ರಿಟನ್ನಿನದಾದರೆ ಜೆಎಂಝಡ್‌ಎನ್‌ಎ ಅಥವಾ ಜೆಎಂಝಡ್‌ಎನ್‌ಬಿ. ಕೆಳಗಿನ ಉತ್ತರಗಳಲ್ಲೂ ಅದೇ ಹೆಸರು ಬಳಸಿದ್ದೇವೆ.

ಪ್ರಶ್ನೆ: ನಮ್ಮ ಹತ್ತಿರದ ಒಬ್ಬರೇ ಮಾರಾಟಗಾರರ ಬಳಿ 1991ರ 1.6 ಎನ್‌ಎ ಮತ್ತು 2001ರ 1.8 ಎನ್‌ಬಿ ಎರಡೂ ಇವೆ. ಎನ್‌ಎ ಹಳೆಯದಾದರೂ ಬೆಲೆ ಜಾಸ್ತಿ ಹೇಳುತ್ತಿದ್ದಾರೆ. ಇದಕ್ಕೆ ಅರ್ಥವಿದೆಯೇ? ಯಾವುದನ್ನು ಕೊಳ್ಳಲಿ? — ಎಸ್. ಕೆ., ರೆಡಿಂಗ್, ಇಂಗ್ಲೆಂಡ್

ಉತ್ತರ: ಅರ್ಥವಿದೆ, ಆದರೆ ಓಡಿಸುವವರ ಲೆಕ್ಕದಲ್ಲಲ್ಲ. ಎನ್‌ಎಗೆ ಎದ್ದು ಮಲಗುವ ಹೆಡ್‌ಲೈಟ್ ಇದೆ, ಎನ್‌ಬಿಗೆ ಇಲ್ಲ. ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಆ ಎರಡು ಮುಚ್ಚಳಗಳಿಗೆ ಹೋಗುತ್ತದೆ.

ಅಂಕಿ ನೋಡಿದರೆ ಎನ್‌ಬಿ ಮುಂದಿದೆ. ಮೊದಲ 1.6 ಎಂಜಿನ್ (1,597 ಸಿಸಿ) ಸುಮಾರು 115 ಕುದುರೆ ಶಕ್ತಿಯದು. 1.8 (1,839 ಸಿಸಿ) ಎನ್‌ಎಗೆ ಬಂದದ್ದು 1994ರ ಮಾದರಿಯಿಂದ. ಎನ್‌ಬಿಯಲ್ಲಿ ಅದೇ 1.8 ಹೊಸ ಸಿಲಿಂಡರ್ ಹೆಡ್ (ವಾಲ್ವ್ ಕೂರುವ ಎಂಜಿನ್ನಿನ ಮೇಲ್ಭಾಗ) ಪಡೆದು 140ರ ಹತ್ತಿರ ಹೋಯಿತು. 2001ರಿಂದ, ಗಾಳಿ ಒಳಬಿಡುವ ವಾಲ್ವ್ ತೆರೆಯುವ ಇಂಟೇಕ್ ಕ್ಯಾಮ್‌ಶಾಫ್ಟಿನ ಟೈಮಿಂಗ್ ಬದಲಾಗುವ ವ್ಯವಸ್ಥೆಯೂ ಸೇರಿತು. ಆ ವರ್ಷ ಮಜ್ದಾ ಅಮೆರಿಕದಲ್ಲಿ 155 ಕುದುರೆ ಶಕ್ತಿ ಎಂದು ಜಾಹೀರಾತು ಕೊಟ್ಟು, ಆಮೇಲೆ ಅದನ್ನು 142ಕ್ಕೆ ಇಳಿಸಿ, ಕಾರು ಬೇಡವೆಂದವರಿಂದ ವಾಪಸು ಕೊಳ್ಳುವುದಾಗಿ ಹೇಳಬೇಕಾಯಿತು. ಹಳೆಯ ಜಾಹೀರಾತು ತೋರಿಸಿ 155 ಎನ್ನುವ ಮಾರಾಟಗಾರರು ಸಿಕ್ಕರೆ ನಕ್ಕು ಸುಮ್ಮನಿರಿ.

ಎನ್‌ಬಿಯ ಹಿಂದಿನ ಕಿಟಕಿ ಗಾಜಿನದು, ಮಂಜು ಬಿಡಿಸುವ ತಂತಿಯೂ ಇದೆ. ಎನ್‌ಎಯದು ಪ್ಲಾಸ್ಟಿಕ್. ಅದರ ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸದೆ ಟಾಪ್ ಮಡಚಿದರೆ ಅಡ್ಡಗೆರೆ ಬೀಳುತ್ತದೆ. ಚಳಿಯಲ್ಲಾದರೆ ಸೀಳಿಯೇ ಹೋಗುತ್ತದೆ. ಗಾಳಿ ಸೀಳುವುದರಲ್ಲೂ ಎನ್‌ಬಿ ತುಸು ಮೇಲು, 0.38 ಇದ್ದ ಡ್ರ್ಯಾಗ್ ಅಂಕ 0.36 ಆಯಿತು. ತೂಕದಲ್ಲಿ ಮಾತ್ರ ಎನ್‌ಎ ಗೆಲ್ಲುತ್ತದೆ. ಹಗುರವಾದ 1.6 ಒಂದು ಟನ್ನಿಗೂ ಕಡಿಮೆ, 1.8 ಎನ್‌ಬಿ ಅದನ್ನು ದಾಟುತ್ತದೆ. ತಿರುವಿನಲ್ಲಿ ಎನ್‌ಎಯ ಸ್ಟೀರಿಂಗ್ ಹೆಚ್ಚು ಮಾತಾಡುತ್ತದೆ ಎನ್ನುವುದು ನಿಜ. ಆದರೆ ಅದನ್ನು ಸವೆದ ಶಾಕ್ ಅಬ್ಸಾರ್ಬರ್, ಬಿರಿದ ರಬ್ಬರ್ ಬುಷ್ ಇರುವ ಕಾರಿನಲ್ಲಿ ಹುಡುಕಬೇಡಿ.

ಇನ್ನೊಂದು ಸಣ್ಣ ಸಂಗತಿ. 1994ರವರೆಗಿನ ಎನ್‌ಎಯ ಆಯಿಲ್ ಪ್ರೆಶರ್ ಮೀಟರ್ ನಿಜವಾದ ಒತ್ತಡ ತೋರಿಸುತ್ತದೆ. 1995ರಿಂದ ಅಲ್ಲಿರುವುದು ಹೆಸರಿಗೆ ಮಾತ್ರ ಮೀಟರ್. ಒತ್ತಡ ಒಂದು ಮಟ್ಟ ದಾಟಿದರೆ ಮುಳ್ಳು ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಕೆಳಗೆ ಬೀಳುತ್ತದೆ. ಎನ್‌ಬಿಯಲ್ಲಿ "ಮುಳ್ಳು ಯಾವಾಗಲೂ ನಡುವೆಯೇ ಇದೆ, ಎಂಜಿನ್ ಗಟ್ಟಿ" ಎಂದರೆ ಅದಕ್ಕೆ ಬೆಲೆ ಕೊಡಬೇಡಿ.

ಖರೀದಿಗೆ ನಮ್ಮ ಸಲಹೆ: ಎರಡನ್ನೂ ಎತ್ತಿ ಸಿಲ್, ಅಂದರೆ ಬಾಗಿಲ ಕೆಳಗಿನ ತಗಡಿನ ಡಬ್ಬಿ, ನೋಡಿ. ಯಾವುದರ ಸಿಲ್ ಗಟ್ಟಿಯೋ ಅದು ನಿಮ್ಮ ಕಾರು. ಎರಡೂ ಗಟ್ಟಿಯಿದ್ದರೆ ದಿನವೂ ಓಡಿಸುವವರಿಗೆ ಎನ್‌ಬಿ, ಭಾನುವಾರಕ್ಕೆ ಮಾತ್ರ ಎನ್ನುವವರಿಗೆ ಎನ್‌ಎ. ಲಂಡನ್ನಿಗೆ ಹೋಗಿಬರುವ ಅಭ್ಯಾಸವಿದ್ದರೆ ಮೊದಲು ಕಾರಿನ ನಂಬರನ್ನು ಅಲ್ಲಿನ ಸಾರಿಗೆ ಸಂಸ್ಥೆಯಾದ ಟಿಎಫ್‌ಎಲ್ ತಾಣದಲ್ಲಿ ಹಾಕಿ ನೋಡಿ. 2006ಕ್ಕೆ ಮುಂಚಿನ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟು ಅಲ್ಲಿನ ಹೊಗೆ ಮಿತಿಯ ಯೂಲೆಝ್ ನಿಯಮಕ್ಕೆ ಹೊಂದುವುದಿಲ್ಲ, ಹೊಂದದಿದ್ದರೆ ದಿನಕ್ಕೆ 12.50 ಪೌಂಡ್. 40 ವರ್ಷ ತುಂಬಿದ ಕಾರಿಗೆ ವಿನಾಯಿತಿ ಇದೆ. ಆದರೆ ಅತ್ಯಂತ ಹಳೆಯ ಎಂಎಕ್ಸ್-5ಗೂ 40 ತುಂಬುವುದು 2029ಕ್ಕೆ.

ಪ್ರಶ್ನೆ: ಶನಿವಾರ ಒಂದು ಕಾರು ನೋಡಲು ಹೋಗುತ್ತಿದ್ದೇನೆ. ಮೆಕ್ಯಾನಿಕ್ ಜೊತೆಗಿಲ್ಲ. ಸಿಲ್ ಸಿಲ್ ಎಂದು ಎಲ್ಲರೂ ಹೇಳುತ್ತಾರೆ, ಅಲ್ಲಿ ನೋಡಬೇಕಾದದ್ದು ಏನು, ಹೇಗೆ? — ಪಿ. ಆರ್., ಮಿಲ್ಟನ್ ಕೀನ್ಸ್, ಇಂಗ್ಲೆಂಡ್

ಉತ್ತರ: ಹೊರಡುವ ಮೊದಲು ಮನೆಯಲ್ಲೇ ಒಂದು ಕೆಲಸ. ಸರ್ಕಾರದ ತಾಣದಲ್ಲಿ ನಂಬರ್ ಹಾಕಿದರೆ 2005ರಿಂದೀಚಿನ ಎಂಒಟಿ (ಕಾರು ರಸ್ತೆಗೆ ಯೋಗ್ಯವೇ ಎಂದು ವರ್ಷವರ್ಷ ನೋಡುವ) ಪರೀಕ್ಷೆಗಳ ಫಲಿತಾಂಶ ಪುಕ್ಕಟೆ ಸಿಗುತ್ತದೆ. ಮೈಲೇಜ್ ಏರಿದ ಕ್ರಮ ನೋಡಿ. "ಕೊರೋಷನ್" (ತುಕ್ಕು) ಎಂಬ ಪದ ಎಲ್ಲೆಲ್ಲಿ ಬಂದಿದೆ ಗುರುತು ಹಾಕಿ. ಒಂದು ವರ್ಷ ಸಿಲ್ ತುಕ್ಕು ಎಂದು ಫೇಲ್ ಆಗಿ ಮೂರೇ ದಿನಕ್ಕೆ ಪಾಸಾಗಿದ್ದರೆ, ಆ ಮೂರು ದಿನದಲ್ಲಿ ಆದದ್ದು ಮೇಲಿನ ತೇಪೆ ಎಂದೇ ಇಟ್ಟುಕೊಳ್ಳಿ.

ಇನ್ನು ಸಿಲ್. ಬಾಗಿಲಿನ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಡಬ್ಬಿಯಂಥ ಭಾಗ ಅದು. ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರಿನಲ್ಲಿ ಬಾಡಿ ಬಾಗದಂತೆ ಹಿಡಿಯುವುದು ಇದೇ. ಟಾಪಿನ ಮೇಲೆ ಬಿದ್ದ ಮಳೆನೀರು ಹಿಂದೆ ಜಾರಿ, ಸೀಟ್‌ಬೆಲ್ಟ್ ಗೋಪುರಗಳ ಹತ್ತಿರವಿರುವ ಎರಡು ಡ್ರೇನ್ ಕೊಳವೆಗಳಲ್ಲಿ ಇಳಿದು, ಹಿಂದಿನ ಚಕ್ರದ ಮುಂದೆ ಕಾರಿನಡಿ ಹೊರಬರಬೇಕು. ಎಲೆ, ಮಣ್ಣು, ಪಾಚಿ ಸೇರಿ ಕೊಳವೆ ಕಟ್ಟಿಕೊಂಡರೆ ನೀರು ಸಿಲ್ ಒಳಗೆ ನಿಲ್ಲುತ್ತದೆ, ಇಲ್ಲವೇ ಸೀಟಿನ ಹಿಂದಿನ ಕಾರ್ಪೆಟ್ಟಿಗೆ ಬರುತ್ತದೆ. ಚಳಿಗಾಲದ ರಸ್ತೆಯುಪ್ಪು ಕೆಳಗಿನಿಂದ, ಈ ನೀರು ಒಳಗಿನಿಂದ. ಹಾಗಾಗಿ ತುಕ್ಕು ಶುರುವಾಗುವುದು ಸಿಲ್‌ನ ಹಿಂತುದಿಯಲ್ಲಿ, ಹಿಂದಿನ ಚಕ್ರದ ಕಮಾನಿನ ಮುಂದಿನ ಕೆಳಮೂಲೆಯಲ್ಲಿ.

ಅಲ್ಲಿ ಮಂಡಿಯೂರಿ. ಪೇಂಟ್ ಗುಳ್ಳೆ ಎದ್ದಿದೆಯೇ ನೋಡಿ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ ಸರಿಸಿ. ಎಲ್ಲಿ ಹಿಡಿತ ಬಿಡುತ್ತದೋ ಅಲ್ಲಿ ಪುಟ್ಟಿ ತುಂಬಿದ್ದಾರೆ. ಬೆರಳ ಗೆಣ್ಣಿನಿಂದ ತಟ್ಟಿ, ಗಟ್ಟಿ ತಗಡಿನ ಸದ್ದು ಹಿಂತುದಿಯಲ್ಲಿ ಮಂದವಾದರೆ ಅನುಮಾನಿಸಿ. ಕೆಳಗೆ ಅಂಚಿನ ಬೆಸುಗೆ ಪಟ್ಟಿಯನ್ನು ನೋಡಿ. ತಪ್ಪು ಜಾಗದಲ್ಲಿ ಜಾಕ್ ಕೊಟ್ಟು ಮಡಚಿ ಹಾಕಿದ್ದರೆ ಪೇಂಟ್ ಒಡೆದು ಅಲ್ಲಿಂದಲೂ ತುಕ್ಕು ಏರುತ್ತದೆ. ಹೊಸದಾಗಿ ದಪ್ಪ ಕಪ್ಪು ಅಂಡರ್‌ಸೀಲ್ ಬಳಿದ ಕಾರನ್ನು ಹೆಚ್ಚು ಹೊತ್ತು ನೋಡಿ. ಮಾರುವ ವಾರದಲ್ಲಿ ಯಾರೂ ಪ್ರೀತಿಯಿಂದ ಅಂಡರ್‌ಸೀಲ್ ಹೊಡೆಸುವುದಿಲ್ಲ.

ಕೊನೆಗೆ, ಮಾಲೀಕರ ಒಪ್ಪಿಗೆ ಪಡೆದು ಒಂದೊಂದು ಡ್ರೇನಿಗೂ ಅರ್ಧ ಲೀಟರ್ ನೀರು ನಿಧಾನವಾಗಿ ಸುರಿಯಿರಿ. ಕೂಡಲೇ ಕೆಳಗೆ ಧಾರೆಯಾಗಿ ಬಂದರೆ ಸರಿ. ತೊಟ್ಟಿಕ್ಕಿದರೆ ಅಥವಾ ಬಾರದೇ ಹೋದರೆ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕೆಲಸ ನಡೆಯುತ್ತಿದೆ.

ಸಿಲ್‌ನ ಹಿಂತುದಿಯಲ್ಲಿ ಹೊರಪದರ, ಒಳಪದರ, ನಡುವೆ ಬಲಪಡಿಸುವ ತಗಡು ಹೀಗೆ ಮೂರು ಪದರ ಇವೆ. ಸರಿಯಾದ ರಿಪೇರಿ ಎಂದರೆ ಹೊರಪದರ ಕತ್ತರಿಸಿ, ಒಳಗಿನದನ್ನು ಶುದ್ಧ ಲೋಹ ಸಿಗುವವರೆಗೆ ತೆಗೆದು, ಒಂದೊಂದೇ ಪದರ ವೆಲ್ಡ್ ಮಾಡಿ, ಒಳಗೆ ಮೇಣ ಸಿಂಪಡಿಸುವುದು. ಕೆಲಸದ ಫೋಟೊ ಇದ್ದರೆ ಕೇಳಿ. ಹಿಂದಿನ ಕಮಾನಿನವರೆಗೂ ಹೋದ ಕೆಲಸ ಎರಡು ಬದಿಗೂ ಮಾಡಿಸಿದರೆ, ಸಾಧಾರಣ ಕಾರಿನ ಬೆಲೆಯೇ ಅದಕ್ಕೆ ಹೋದರೂ ಹೋಯಿತು.

ಎನ್‌ಬಿ ನೋಡುತ್ತಿದ್ದರೆ ಇನ್ನೊಂದು ಜಾಗ ಮರೆಯಬೇಡಿ: ಮುಂದಿನ ಚಾಸಿ ರೈಲ್. ಬಾನೆಟ್ ಕೆಳಗೆ ಎಂಜಿನಿನ ಎರಡೂ ಬದಿ ಉದ್ದಕ್ಕೆ ಹೋಗುವ ತೊಲೆಗಳು ಇವು. ಎನ್‌ಬಿಯಲ್ಲಿ ಇವಕ್ಕೆ ಎರಡು ಪದರ, ನಡುವೆ ಸೇರಿದ ನೀರಿಗೆ ಹೊರಬರುವ ದಾರಿ ಕಷ್ಟ. ಮುಂದಿನ ಸಸ್ಪೆನ್ಷನ್ ಕೂರುವ ಜಾಗದ ಅಕ್ಕಪಕ್ಕ ಒಳಗಿಂದ ತಿಂದು ಉಬ್ಬುತ್ತದೆ. ಪ್ಲಾಸ್ಟಿಕ್ ಅಡಿತಟ್ಟೆ ಮುಚ್ಚಿಕೊಂಡಿರುವುದರಿಂದ ಟಾರ್ಚ್ ಹಿಡಿದು ಮಲಗಿಯೇ ನೋಡಬೇಕು. ಎನ್‌ಎಯಲ್ಲಿ ಈ ಕಾಟ ಇಷ್ಟಿಲ್ಲ.

ಇಷ್ಟಾದ ಮೇಲೆ ಡಿಕ್ಕಿ ತೆರೆದು ಬಲಗಡೆ ಇರುವ ಬ್ಯಾಟರಿಯ ಸುತ್ತ ನೋಡಿ. ಕಂಪನಿ ಕೊಟ್ಟದ್ದು ಸೀಲಾದ ಪುಟ್ಟ ಬ್ಯಾಟರಿ, ಅದಕ್ಕೆ ಗಾಳಿ ಹೊರಹೋಗುವ ಕೊಳವೆ. ಯಾರೋ ಸಾಮಾನ್ಯ ಆಸಿಡ್ ಬ್ಯಾಟರಿ ಇಟ್ಟು ಕೊಳವೆ ಸಿಕ್ಕಿಸದೆ ಬಿಟ್ಟಿದ್ದರೆ ಡಿಕ್ಕಿಯ ತಗಡು ಪುಡಿಯಾಗಿರುತ್ತದೆ. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀವು ತಲುಪುವಷ್ಟರಲ್ಲಿ ಬಿಸಿ ಮಾಡಿ ಇಟ್ಟಿದ್ದರೆ ಕಾರಣ ಕೇಳಿ. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕಪ್ಪಿರಬೇಕು. ಕಂದಾಗಿದ್ದರೆ ಅದು ಬಿರಿಯುವ ದಿನ ಹತ್ತಿರ, ಬೆಲೆಯಲ್ಲಿ ಕಳೆಯಿರಿ.

ಪ್ರಶ್ನೆ: 1990ರ ಕಾರು, "ಟೈಮಿಂಗ್ ಬೆಲ್ಟ್ ಈಗಷ್ಟೇ ಹಾಕಿಸಿದ್ದೇನೆ" ಎನ್ನುತ್ತಾರೆ. "ಶಾರ್ಟ್ ನೋಸ್ ಕ್ರ್ಯಾಂಕ್" ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ಏನದು? — ವಿ., ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಹೆದರಿಕೆ ಪೂರ್ತಿ ಸುಳ್ಳಲ್ಲ. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ ಕ್ರ್ಯಾಂಕ್, ಅದನ್ನೂ ವಾಲ್ವ್‌ಗಳನ್ನೂ ಒಂದೇ ತಾಳದಲ್ಲಿ ಇಡುವುದು ಟೈಮಿಂಗ್ ಬೆಲ್ಟ್. 1990 ಮತ್ತು 1991ರ ಮೊದಲ ಭಾಗದ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮುಂದಿನ ಮೂತಿ ಗಿಡ್ಡ. ಟೈಮಿಂಗ್ ಬೆಲ್ಟಿನ ಹಲ್ಲುಚಕ್ರವನ್ನು ಆ ಮೂತಿಗೆ ಬಿಗಿಯುವುದು ಒಂದು ಬೋಲ್ಟ್ ಮತ್ತು ಒಂದು ಸಣ್ಣ ಕೀಲಿ. ಬೆಲ್ಟ್ ಬದಲಿಸುವಾಗ ಈ ಬೋಲ್ಟನ್ನು ಟಾರ್ಕ್ ರೆಂಚಿನಿಂದ ಬಿಗಿಯದೆ ಅಂದಾಜಿನಲ್ಲಿ ಬಿಟ್ಟರೆ ಹಲ್ಲುಚಕ್ರ ಕೂದಲೆಳೆಯಷ್ಟು ಅಲ್ಲಾಡಲು ಶುರು. ಕೀಲಿ ಸವೆದು, ಅದು ಕೂರುವ ಕ್ರ್ಯಾಂಕಿನ ತೋಡೂ ಅಗಲವಾಗುತ್ತದೆ. ಟೈಮಿಂಗ್ ಹಿಂದೆ ಜಾರಿ ಎಂಜಿನ್ ಸಪ್ಪೆಯಾಗುತ್ತದೆ. ಕೊನೆಗೆ ಕ್ರ್ಯಾಂಕೇ ಹಾಳು. ಅಂದರೆ ನಿಮ್ಮ ಕಾರಿನಲ್ಲಿ "ಈಗಷ್ಟೇ ಹಾಕಿಸಿದ್ದೇನೆ" ಎನ್ನುವುದು ಸಮಾಧಾನದ ಮಾತಲ್ಲ, ವಿಚಾರಿಸಬೇಕಾದ ಮಾತು. ಬಿಲ್ ನೋಡಿ. ಹೊಸ ಬೋಲ್ಟ್, ಹೊಸ ಕೀಲಿ ಹಾಕಿದ್ದಾರೆಯೇ ಕೇಳಿ.

ಗುರುತು ಸುಲಭ. ಕ್ರ್ಯಾಂಕ್ ಪುಲ್ಲಿಯ ಮುಖದಲ್ಲಿ ನಾಲ್ಕು ಸೀಳು ಇದ್ದರೆ ಗಿಡ್ಡ ಮೂತಿ, ಎಂಟು ಇದ್ದರೆ ಉದ್ದ ಮೂತಿ. ನಾಲ್ಕೇ ಇದ್ದರೆ ಎಂಜಿನ್ ಐಡಲ್‌ನಲ್ಲಿ ಓಡುವಾಗ ಪುಲ್ಲಿಗೆ ಟಾರ್ಚ್ ಬಿಡಿ, ಬೆರಳು ದೂರವಿರಲಿ. ಹೊರಗಿನ ಬಳೆ ಮಾತ್ರ ಓಲಾಡಿ ನಡುವಿನ ಬೋಲ್ಟ್ ನೇರ ತಿರುಗಿದರೆ ತಪ್ಪು ಪುಲ್ಲಿಯದು, ಬದಲಿಸಿದರಾಯಿತು. ಬೋಲ್ಟೇ ಓಲಾಡಿದರೆ ಆ ಕಾರು ಬಿಡಿ. ನೇರ ತಿರುಗುತ್ತಿದ್ದರೆ, ಮೂವತ್ತು ವರ್ಷ ದಾಟಿಯೂ ಹಾಳಾಗದ ಗಿಡ್ಡ ಮೂತಿಗಳು ಬೇಕಾದಷ್ಟಿವೆ, ಕೊಳ್ಳಬಹುದು.

ಇದೇ ಎಂಜಿನ್ನಿನ ಒಂದು ಒಳ್ಳೆಯ ಗುಣ: ಬೆಲ್ಟ್ ಹರಿದರೂ ಪಿಸ್ಟನ್ ವಾಲ್ವಿಗೆ ಬಡಿಯುವುದಿಲ್ಲ. ಕಾರು ನಿಲ್ಲುತ್ತದೆ, ಅಷ್ಟೇ. 2001ರಿಂದೀಚಿನ ಎನ್‌ಬಿ ಎಂಜಿನ್ ಬಗ್ಗೆ ಈ ಧೈರ್ಯ ಬೇಡ.

ಸ್ಮಾಗ್ (ಹೊಗೆ ಪರೀಕ್ಷೆಯ) ಸರ್ಟಿಫಿಕೇಟ್ ಕೊಡುವುದು ಕ್ಯಾಲಿಫೋರ್ನಿಯಾದಲ್ಲಿ ಮಾರುವವರ ಹೊಣೆ. "ನೀವೇ ಮಾಡಿಸಿಕೊಳ್ಳಿ, ಬೆಲೆ ಇಳಿಸುತ್ತೇನೆ" ಎಂದರೆ ಒಪ್ಪಬೇಡಿ. 1999ರವರೆಗಿನ ಕಾರಿಗೆ ಸೈಲೆನ್ಸರಿನ ತುದಿಗೆ ಪ್ರೋಬ್ ಇಟ್ಟು ಹೊಗೆ ಅಳೆಯುತ್ತಾರೆ. ಹೊರಗಿನ ಕಂಪನಿಯ ಹೆಡರ್ (ಎಂಜಿನ್ನಿನಿಂದ ಹೊಗೆ ಒಯ್ಯುವ ಕೊಳವೆಗಳು) ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿದ್ದರೆ ಅದಕ್ಕೆ ಕಾರ್ಬ್, ಅಂದರೆ ರಾಜ್ಯದ ವಾಯು ಮಂಡಳಿಯ, ಅನುಮತಿ ಸಂಖ್ಯೆ ಇರಲೇಬೇಕು. ಜೊತೆಗೆ ಬಾನೆಟ್, ಬಾಗಿಲು, ಫೆಂಡರ್‌ಗಳ ಒಳಗೆ ಚಾಸಿ ನಂಬರಿನ ಸ್ಟಿಕ್ಕರ್ ಹುಡುಕಿ. ಒಂದು ಕಡೆ ಮಾತ್ರ ಇಲ್ಲದಿದ್ದರೆ ಆ ಭಾಗ ಬದಲಾಗಿದೆ ಅಥವಾ ಪೇಂಟ್ ಆಗಿದೆ.

ಪ್ರಶ್ನೆ: 1999ರ ಎನ್‌ಬಿ ಕೊಂಡಿದ್ದೇನೆ. ಬೆಳಗ್ಗೆ ಮೊದಲ ಗೇರ್ ಹಾಕುವಾಗ ಕರಕರ ಎನ್ನುತ್ತದೆ. ಕ್ಲಚ್ ಒತ್ತಿದಾಗ ಎಂಜಿನ್ ಸದ್ದೂ ಸ್ವಲ್ಪ ಇಳಿಯುತ್ತದೆ. ಕ್ಲಚ್ ಪ್ಲೇಟ್ ಹೋಯಿತೇ? — ಎಂ. ಎಚ್., ಎಡಿಸನ್, ನ್ಯೂಜೆರ್ಸಿ

ಉತ್ತರ: ಪ್ಲೇಟಿಗೆ ಕೈ ಹಾಕಬೇಡಿ, ಇವು ಎರಡು ಬೇರೆ ಕಾಯಿಲೆಗಳಿರಬಹುದು. ಕರಕರ ಸದ್ದಿಗೆ ಸಾಮಾನ್ಯ ಕಾರಣ ಗೇರ್‌ಬಾಕ್ಸಿನ ಬಲಬದಿಗೆ ಕೂತು, ದ್ರವದ ಮೂಲಕ ಬಂದ ಪೆಡಲ್ ಒತ್ತಡವನ್ನು ಕ್ಲಚ್ಚಿಗೆ ದಾಟಿಸುವ ಸ್ಲೇವ್ ಸಿಲಿಂಡರ್. ಅದರ ರಬ್ಬರ್ ಟೋಪಿ ಸರಿಸಿ ನೋಡಿ, ಒಳಗೆ ಒದ್ದೆಯಿದ್ದರೆ ಸೀಲ್ ಸೋರುತ್ತಿದೆ. ರಾತ್ರಿ ನಿಂತಾಗ ಗಾಳಿ ಸೇರಿ ಬೆಳಗಿನ ಪೆಡಲ್ ಪೂರ್ತಿ ಬಿಡಿಸುವುದಿಲ್ಲ. ಸ್ಲೇವ್ ಬದಲಿಸುವಾಗ ಮೇಲೆ ಪೆಡಲ್ ಕಡೆಗಿರುವ ಮಾಸ್ಟರ್ ಸಿಲಿಂಡರನ್ನೂ ಬದಲಿಸಿ. ಹೊಸ ಸ್ಲೇವ್ ಒತ್ತಡ ಹಿಡಿದರೆ ಹಳೆಯ ಮಾಸ್ಟರಿನ ಸೀಲ್ ಕೆಲವೇ ತಿಂಗಳಲ್ಲಿ ಕೈಕೊಡುವುದುಂಟು. ಡಾಟ್ 4 ಬ್ರೇಕ್ ದ್ರವ ಅರ್ಧ ಲೀಟರ್ ಸಾಕು.

ಎಂಜಿನ್ ಸದ್ದು ಇಳಿಯುವುದೇ ಹೆಚ್ಚು ಗಂಭೀರ. 1999 ಮತ್ತು 2000ದ ಎನ್‌ಬಿ ಎಂಜಿನ್‌ಗಳಲ್ಲಿ ಥ್ರಸ್ಟ್ ಬೇರಿಂಗ್ ಸವೆಯುವ ಖ್ಯಾತಿ ಇದೆ. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ತಳ್ಳಲ್ಪಡುತ್ತದೆ, ಆ ಒತ್ತನ್ನು ತಡೆಯುವುದು ಈ ಬೇರಿಂಗ್. ಒಬ್ಬರು ಕ್ಲಚ್ ಒತ್ತಿ ಬಿಡಲಿ, ಇನ್ನೊಬ್ಬರು ಮುಂದಿನ ಪುಲ್ಲಿ ನೋಡಲಿ. ಮುಂದೆ ಹಿಂದೆ ಸರಿಯುವುದು ಕಣ್ಣಿಗೇ ಕಂಡರೆ ಗೇಜ್ ಬೇಕಿಲ್ಲ. ಕಾಣದಿದ್ದರೆ ಡಯಲ್ ಗೇಜ್ ಇಟ್ಟು ಅಳೆಸಿ. ಸರಿಯಾದ ಅಂತರ 0.08ರಿಂದ 0.28 ಮಿ.ಮೀ., 0.30 ಗಡಿ. ದಾಟಿದ್ದರೆ ಎಂಜಿನ್ ಇಳಿಸಬೇಕು. ಆಗ ಬೇರಿಂಗ್ ಹಾಕುವುದಕ್ಕಿಂತ ಅಳತೆ ಮಾಡಿಸಿದ ಇನ್ನೊಂದು ಎಂಜಿನ್ ತಂದು ಕೂರಿಸುವುದೇ ಅಗ್ಗ. ಸರಿಯಿದ್ದರೆ ಒಂದು ಅಭ್ಯಾಸ: ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡಿ ಕ್ಲಚ್‌ನಿಂದ ಕಾಲು ತೆಗೆಯಿರಿ.

ಪ್ರಶ್ನೆ: 1.6 ಎನ್‌ಎ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಆಯಿಲ್ ಇಳಿಯುತ್ತದೆ. ಕ್ರ್ಯಾಂಕಿನ ಹಿಂತುದಿಯ ರಿಯರ್ ಮೇನ್ ಸೀಲ್ ಎಂದು ಗ್ಯಾರೇಜಿನವರು ದೊಡ್ಡ ಖರ್ಚು ಹೇಳಿದ್ದಾರೆ. ತಣ್ಣಗಿದ್ದಾಗ ಟಿಕ್ ಟಿಕ್ ಸದ್ದೂ ಇದೆ. — ಡಿ., ಲೆಸ್ಟರ್, ಇಂಗ್ಲೆಂಡ್

ಉತ್ತರ: ಗೇರ್‌ಬಾಕ್ಸ್ ಇಳಿಸುವ ಮೊದಲು ಸಿಲಿಂಡರ್ ಹೆಡ್‌ನ ಹಿಂತುದಿ ನೋಡಿಸಿ. ಅಲ್ಲಿ ಕ್ಯಾಮ್‌ಶಾಫ್ಟ್ ತಿರುಗುವ ಕೋನ ಅಳೆಯುವ ಕ್ಯಾಮ್ ಆಂಗಲ್ ಸೆನ್ಸರ್ ಕೂತಿದೆ, ಅದರ ಸುತ್ತ ಒಂದು ಓ-ರಿಂಗ್. ಬಿಸಿಗೆ ರಿಂಗ್ ಗಟ್ಟಿಯಾಗಿ ಚಪ್ಪಟೆಯಾದ ಮೇಲೆ ಆಯಿಲ್ ಹೆಡ್‌ನ ಹಿಂಬದಿಯಲ್ಲಿ ಇಳಿದು ನೇರ ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಭಾಗದ ಮೇಲೆ ಬೀಳುತ್ತದೆ. ಕೆಳಗಿಂದ ನೋಡಿದವರಿಗೆ ಮೇನ್ ಸೀಲ್ ಸೋರಿದ ಹಾಗೆಯೇ ಕಾಣುತ್ತದೆ. ಸೆನ್ಸರ್ ಬಿಚ್ಚುವ ಮೊದಲು ಅದು ಯಾವ ಕೋನದಲ್ಲಿ ಕೂತಿದೆ ಎಂದು ಗುರುತು ಹಾಕಿ, ಅದೇ ಗುರುತಿಗೆ ವಾಪಸು ಕೂರಿಸಿ. ಇಲ್ಲದಿದ್ದರೆ ಇಗ್ನಿಷನ್ ಟೈಮಿಂಗ್ ಕೆಡುತ್ತದೆ. ಒರೆಸಿ ಒಂದು ವಾರ ಓಡಿಸಿ. ಮತ್ತೆ ಒದ್ದೆಯಾದರೆ ಆಗ ಮೇನ್ ಸೀಲ್ ಮಾತು.

ಟಿಕ್ ಟಿಕ್, ಆಯಿಲ್ ಒತ್ತಡದಿಂದ ವಾಲ್ವಿನ ಅಂತರ ತುಂಬುವ ಹೈಡ್ರಾಲಿಕ್ ಲಿಫ್ಟರ್‌ನದು. ಎನ್‌ಎಗಳಲ್ಲಿ ಸಾಮಾನ್ಯ. ಕೆಲವು ನಿಮಿಷದಲ್ಲಿ ಅಡಗಿದರೆ ಆಯಿಲ್ ಬದಲಿಸಿ ಸುಮ್ಮನಿರಿ.

ಪ್ರಶ್ನೆ: ಕಾರು ಮನೆಗೆ ಬಂದಿದೆ: 1996ರ 1.8, ಐದು ಗೇರ್, ದಾಖಲೆ ಏನೂ ಇಲ್ಲ. ಮೊದಲ ತಿಂಗಳಲ್ಲಿ ಏನೇನು ಮಾಡಿಸಲಿ? — ಜಿ. ಎನ್., ಮೆಲ್ಬರ್ನ್

ಉತ್ತರ: ದಾಖಲೆ ಇಲ್ಲವೆಂದರೆ ಏನೂ ಆಗಿಲ್ಲ ಎಂದೇ ಲೆಕ್ಕ. ಟೈಮಿಂಗ್ ಬೆಲ್ಟಿನ ಆಯಸ್ಸು 100,000 ಕಿ.ಮೀ. ಅದನ್ನು ಬಿಚ್ಚಿದಾಗ ಟೆನ್ಷನರ್, ಐಡ್ಲರ್, ವಾಟರ್ ಪಂಪ್, ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂದಿನ ಸೀಲ್‌ಗಳನ್ನೂ ಒಟ್ಟಿಗೇ ಹಾಕಿಸಿ. ಬೇರೆ ಬೇರೆ ಮಾಡಿಸಿದರೆ ಅದೇ ಕೂಲಿ ಎರಡೆರಡು ಸಲ.

ಗೇರ್ ಆಯಿಲ್ 2 ಲೀಟರ್, 75ಡಬ್ಲ್ಯು-90, ಜಿಎಲ್-4 ದರ್ಜೆ. ಜಿಎಲ್-5ರಲ್ಲಿರುವ ಕೆಲವು ರಾಸಾಯನಿಕಗಳು ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊ ಉಂಗುರದ ಹಿತ್ತಾಳೆಗೆ ಆಗಿಬರುವುದಿಲ್ಲ. ತುಂಬುವ ಪ್ಲಗ್ ಮೊದಲು ಬಿಚ್ಚಿ, ಅದು ಬಂದ ಮೇಲೆ ಖಾಲಿ ಮಾಡುವ ಪ್ಲಗ್ ಮುಟ್ಟಿ. ಈ ಕ್ರಮ ತಪ್ಪಿದವರ ಕಾರುಗಳು ಖಾಲಿ ಗೇರ್‌ಬಾಕ್ಸ್ ಹೊತ್ತು ಟೋ ಗಾಡಿ ಏರುತ್ತವೆ. ಗೇರ್ ಲಿವರಿನ ಬುಡದಲ್ಲಿ ಒಂದು ಪುಟ್ಟ ಬಾವಿ ಇದೆ. ಅದರಲ್ಲಿ ಬೇರೆಯಾಗಿ ಸುಮಾರು 90 ಮಿ.ಲೀ. ಅದೇ ಆಯಿಲ್ ಇರಬೇಕು. ಬಹುತೇಕ ಕಾರುಗಳಲ್ಲಿ ಅದು ಒಣಗಿ, ಮೇಲಿನ ರಬ್ಬರ್ ಹರಿದಿರುತ್ತದೆ. ಲಿವರ್ ಸಡಿಲ, ಕ್ಯಾಬಿನ್ನಿಗೆ ಬಿಸಿ ಮತ್ತು ಗೇರ್ ಸದ್ದು ಬರುವುದು ಇದರಿಂದ. ರಬ್ಬರ್ ಎರಡೂ ಹೊಸದು ಹಾಕಿ ಆಯಿಲ್ ತುಂಬಿದರೆ ಗೇರ್ ಬೀಳುವ ರೀತಿಯೇ ಬೇರೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸುಖ ಕೊಡುವ ಕೆಲಸ ಈ ಕಾರಿನಲ್ಲಿ ಇನ್ನೊಂದಿಲ್ಲ.

ಡಿಫರೆನ್ಷಿಯಲ್‌ಗೆ 1 ಲೀಟರ್, ಅಲ್ಲಿ ಮಾತ್ರ ಜಿಎಲ್-5. ಕೂಲಂಟ್ 6 ಲೀಟರ್. ಪ್ಲಗ್ ವೈರ್‌ಗಳನ್ನು ಕಣ್ಣುಮುಚ್ಚಿ ಬದಲಿಸಿ, ಏರುದಾರಿಯಲ್ಲಿ ಎಂಜಿನ್ ತೊದಲುವುದಕ್ಕೆ ಅವೇ ಮೊದಲ ಅಪರಾಧಿ. ಹಿಂದಿನ ಬ್ರೇಕ್ ಕ್ಯಾಲಿಪರಿನ ಜಾರುವ ಪಿನ್ ಬಿಚ್ಚಿ ಗ್ರೀಸ್ ಹಾಕಿಸಿ, ಹ್ಯಾಂಡ್ ಬ್ರೇಕ್ ಹಿಡಿಯದ ದೂರಿಗೆ ಮೂಲ ಅದೇ. ಜಾಕ್ ಕೊಡುವಾಗ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಹೋಗುವ ಅಲ್ಯೂಮಿನಿಯಂ ತೊಲೆಗೆ ಎಂದೂ ಕೊಡಬೇಡಿ, ಬಾಗುತ್ತದೆ.

ಟಯರಿಗೆ 26 ಪಿಎಸ್‌ಐ. ಬಂಕಿನ ಹುಡುಗರು ಅಭ್ಯಾಸದಿಂದ 32 ತುಂಬುತ್ತಾರೆ, ಕಾರು ಕುಪ್ಪಳಿಸುತ್ತದೆ, ನೀವು ಶಾಕ್ ಅಬ್ಸಾರ್ಬರ್ ಬದಲಿಸುತ್ತೀರಿ. ವೀಲ್ ಅಲೈನ್‌ಮೆಂಟ್‌ಗೆ ಒಯ್ಯುವ ಮುಂಚೆ ಸಸ್ಪೆನ್ಷನ್ನಿನ ಹೊಂದಾಣಿಕೆ ಬೋಲ್ಟ್ ತಿರುಗುತ್ತವೆಯೇ ಪರೀಕ್ಷಿಸಿ. ಬುಷ್ ಒಳಗೆ ತುಕ್ಕಿನಿಂದ ಅಂಟಿಕೊಂಡಿದ್ದರೆ ಕತ್ತರಿಸಿ ತೆಗೆಯಬೇಕು, ಆಗ ಬುಷ್ ಸೆಟ್ ಕೂಡ ಹೊಸದಾಗಿ ತಂದಿಟ್ಟುಕೊಂಡೇ ಹೋಗಿ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿ ಇಂಥದೊಂದು ಕೊಂಡಿದ್ದಾನೆ. ವಾಪಸು ಬರುವಾಗ ಮೈಸೂರಿಗೆ ತರಬಹುದೇ? ಸ್ಟೀರಿಂಗ್ ಬಲಗಡೆಯೇ ಇದೆ. — ಒಬ್ಬ ತಂದೆ, ಮೈಸೂರು

ಉತ್ತರ: ಆಗುವುದಿಲ್ಲ. ಬಲಗಡೆ ಸ್ಟೀರಿಂಗ್ ಇದ್ದರೆ ಸಾಲದು, ಬಳಸಿದ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು ಎಂಬ ನಿಯಮವಿದೆ. ವಿಂಟೇಜ್ ಲೆಕ್ಕಕ್ಕೆ ಅತ್ಯಂತ ಹಳೆಯ ಎಂಎಕ್ಸ್-5 ಕೂಡ ಇನ್ನೂ ಎಳೆಯದು.

ಪ್ರಶ್ನೆ: ಎನ್‌ಬಿಯ ಹಾರ್ಡ್‌ಟಾಪ್ ಅಗ್ಗಕ್ಕೆ ಸಿಗುತ್ತಿದೆ, ನನ್ನದು ಎನ್‌ಎ. ಕೂರುತ್ತದೆಯೇ? — ಆರ್., ಸ್ಲೌ, ಇಂಗ್ಲೆಂಡ್

ಉತ್ತರ: ಕೂರುತ್ತದೆ. ಎನ್‌ಬಿಯ ಗಾಜಿನ ಕಿಟಕಿಯ ಮಡಚುವ ಟಾಪ್ ಕೂಡ ಎನ್‌ಎಗೆ ಹೊಂದುತ್ತದೆ. ಹಾರ್ಡ್‌ಟಾಪ್ ಕೊಳ್ಳುವಾಗ ಪಕ್ಕದ ಲ್ಯಾಚ್‌ಗಳು ಮತ್ತು ಬಾಡಿಗೆ ಬಿಗಿಯುವ ಪ್ಲೇಟ್‌ಗಳು ಜೊತೆಗಿವೆಯೇ ಎಣಿಸಿಕೊಳ್ಳಿ, ಬಿಡಿಯಾಗಿ ಹುಡುಕಲು ಹೋದರೆ ಅಗ್ಗ ಎನ್ನುವುದು ಉಳಿಯುವುದಿಲ್ಲ.